ಮುಚ್ಚಿದ ಸರ್ಕಾರಿ ಶಾಲೆಯ ಜಾಗ: ತೀರ್ಮಾನದಲ್ಲಿ ಊರವರ ಪಾಲೆಷ್ಟು?

ಪ್ರಶ್ನೆ: ಮಂಡ್ಯ ಜಿಲ್ಲೆಯ ನಮ್ಮ ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಮಕ್ಕಳಿಲ್ಲದೆ ಮುಚ್ಚಿದೆ. ಆ ಕಟ್ಟಡವನ್ನೂ ಜಾಗವನ್ನೂ ಮುಂದೆ ಯಾವುದಕ್ಕೆ ಬಳಸಬೇಕೆಂದು ತೀರ್ಮಾನಿಸುವಾಗ ಊರವರ ಮಾತಿಗೆ ಬೆಲೆಯಿದೆಯೇ?

ಉತ್ತರ: ಬೆಲೆಯಿದೆ. ಆದರೆ ಆ ಮಾತು ಕಡತ ಮುಂದಕ್ಕೆ ಸಾಗುವ ಮೊದಲೇ ಸರಿಯಾದ ಸಭೆಯ ನಡಾವಳಿಯಲ್ಲಿ ದಾಖಲಾಗಿರಬೇಕು. ಶಾಲೆ ನಡೆಯುತ್ತಿರುವಾಗ ಪೋಷಕರ ಪರವಾಗಿ ಕೇಳಲು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಇರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೂ ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರೂ ಇರಬೇಕು. ಮಕ್ಕಳೇ ಇಲ್ಲದ ಶಾಲೆಗೆ ಅಂತಹ ಸಮಿತಿಯೂ ಇರುವುದಿಲ್ಲವಾದ್ದರಿಂದ, ಜಾಗದ ಪ್ರಶ್ನೆ ಏಳುವ ಹೊತ್ತಿಗೆ ಕೇಳಬೇಕಾದವರ ದನಿ ಅಡಗಿರುತ್ತದೆ. ಆ ಕೊರತೆಯನ್ನು ತುಂಬಬಲ್ಲದ್ದು ವಾರ್ಡ್ ಸಭೆ ಮತ್ತು ಗ್ರಾಮಸಭೆ.

ಮೊದಲು ನೋಡಬೇಕಾದದ್ದು ಜಾಗ ಯಾರ ಹೆಸರಿನಲ್ಲಿದೆ ಎಂಬುದನ್ನು. ನಮ್ಮ ಭಾಗದಲ್ಲಿ ಎಷ್ಟೋ ಶಾಲೆಗಳ ನೆಲ ಊರಿನ ಹಿರಿಯರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟದ್ದು; ದಾನಪತ್ರ ನೋಂದಣಿಯಾಗದೆ ಪಹಣಿಯಲ್ಲಿ ಇಂದಿಗೂ ದಾನಿಯ ಕುಟುಂಬದ ಹೆಸರೇ ಮುಂದುವರಿದಿರುವುದುಂಟು. ಶಾಲೆ ಮುಚ್ಚಿದ ಮೇಲೆ ವಾರಸುದಾರರು ಬೇಲಿ ಹಾಕಲು ಬರುವುದು ಇಂತಹ ಕಡೆಗಳಲ್ಲಿಯೇ. ದಾನಪತ್ರವಿದ್ದರೂ ಅದರ ಷರತ್ತುಗಳನ್ನು ಓದಬೇಕು, ಏಕೆಂದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 126ನೇ ಕಲಮು ಷರತ್ತಿನ ದಾನಕ್ಕೆ ಅವಕಾಶ ಕೊಡುತ್ತದೆ. ಜಾಗ ಸರ್ಕಾರದ್ದೇ ಆಗಿ, ಸಾರ್ವಜನಿಕ ಉದ್ದೇಶಕ್ಕೆಂದು ಕಾದಿರಿಸಿದ್ದಾದರೆ, 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 71ನೇ ಕಲಮಿನಂತೆ ಜಿಲ್ಲಾಧಿಕಾರಿಯ ಮಂಜೂರಾತಿಯಿಲ್ಲದೆ ಬೇರೆ ಬಳಕೆ ಸಲ್ಲದು. ಪಹಣಿ, ಸರ್ವೆ ನಕ್ಷೆ, ಚೆಕ್ಕುಬಂದಿ (ಜಾಗದ ನಾಲ್ಕೂ ದಿಕ್ಕಿನ ಗಡಿ ವಿವರ) ಮತ್ತು ಶಾಲೆ ಮುಚ್ಚಿದ ಆದೇಶದ ಪ್ರತಿಗಳನ್ನು ಕೇಳಿ ಪಡೆಯಿರಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದರೆ 30 ದಿನಗಳಲ್ಲಿ ಉತ್ತರ ಬರಬೇಕು.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸುವಂತೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸಭೆಯ ಜಾಗ ಮತ್ತು ಹೊತ್ತಿನ ವಿಚಾರದಲ್ಲಿ ಈ ಲೇಖಕರಿಗೆ ಖಚಿತ ಅಭಿಪ್ರಾಯವಿದೆ: ಎಲ್ಲ ಕೇರಿಯವರೂ ಸಂಕೋಚವಿಲ್ಲದೆ ಬಂದು ಕೂರಬಲ್ಲ ಕಡೆ, ಡೇರಿಗೆ ಹಾಲು ಹಾಕುವ ಹೊತ್ತನ್ನೂ ಕಬ್ಬಿನ ಕಟಾವಿನ ಹೊತ್ತನ್ನೂ ತಪ್ಪಿಸಿ ಸಭೆ ಸೇರಬೇಕು. ನಾಲ್ಕು ಜನ ಮುಖಂಡರು ಅರಳಿಕಟ್ಟೆಯಲ್ಲಿ ಒಪ್ಪಿಕೊಂಡದ್ದನ್ನು ಊರಿನ ಒಪ್ಪಿಗೆ ಎಂದು ಬರೆದುಕೊಳ್ಳುವುದು ಅನ್ಯಾಯ.

ಬಳಕೆಯ ಬಗ್ಗೆ ಹೇಳುವುದಾದರೆ, ಅಂಗನವಾಡಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ, ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿರುವ ಕೂಸಿನ ಮನೆ, ಸ್ತ್ರೀಶಕ್ತಿ ಸಂಘದ ಕೊಠಡಿ ಇವೆಲ್ಲ ಹೊಂದುವಂಥವೇ. ಆಟದ ಬಯಲನ್ನು ಮಾತ್ರ ಯಾವ ಕಟ್ಟಡಕ್ಕೂ ಬಿಡಬಾರದು. ಊರೊಳಗೆ ಅಷ್ಟು ಬಯಲು ಮತ್ತೆ ಸಿಗುವುದಿಲ್ಲ.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಮೈಸೂರಿನ ನಾರಾಯಣಶಾಸ್ತ್ರಿ ರಸ್ತೆಯ ಎನ್‌ಟಿಎಂ ಶಾಲೆಯ ಜಾಗದಲ್ಲಿ ಸ್ವಾಮಿ ವಿವೇಕಾನಂದರ ಸ್ಮಾರಕವಾಗಬೇಕೆಂಬ ಯೋಜನೆಗೂ ಹೆಣ್ಣುಮಕ್ಕಳ ಕನ್ನಡ ಶಾಲೆ ಉಳಿಯಬೇಕೆಂಬ ಹೋರಾಟಕ್ಕೂ ವರ್ಷಗಟ್ಟಲೆ ತಿಕ್ಕಾಟ ನಡೆದು, ವಿವಾದ ಹೈಕೋರ್ಟಿನವರೆಗೆ ಹೋಗಿ, 2022ರಲ್ಲಿ ಕಟ್ಟಡವನ್ನು ಕೆಡವಲಾಯಿತು. ಹಂಚಿಕೆಯ ಆದೇಶವಾದ ಮೇಲೆ ಎದ್ದ ದನಿ ಬೀದಿಗೂ ನ್ಯಾಯಾಲಯಕ್ಕೂ ಹೋಗಬೇಕಾಗುತ್ತದೆ.

ಆದ್ದರಿಂದ ನಿರ್ಣಯದಲ್ಲಿ ಎರಡು ಷರತ್ತುಗಳನ್ನು ಬರೆಸಿ. ಕಟ್ಟಡವನ್ನು ಯಾರಿಗೆ ಕೊಟ್ಟರೂ ಗೊತ್ತಾದ ಅವಧಿಯ ಬಳಕೆಗೆ ಮಾತ್ರ ಕೊಡಬೇಕು, ಒಡೆತನ ಸಾರ್ವಜನಿಕವಾಗಿಯೇ ಉಳಿಯಬೇಕು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆಯಿರಬೇಕೆಂಬುದು ರಾಜ್ಯದ ನಿಯಮವಾದ್ದರಿಂದ, ಮುಂದೆ ಮಕ್ಕಳ ಸಂಖ್ಯೆ ಕೂಡಿಬಂದರೆ ಕೊಠಡಿಗಳನ್ನು ಶಿಕ್ಷಣ ಇಲಾಖೆಗೆ ಮರಳಿಸಬೇಕು. ಸಭೆ ಮುಗಿದ ದಿನವೇ ನಡಾವಳಿಯ ದೃಢೀಕೃತ ಪ್ರತಿಗೆ ಅರ್ಜಿ ಕೊಟ್ಟು, ಅದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೂ ತಹಶೀಲ್ದಾರರಿಗೂ ಕಳುಹಿಸಿ.