ಊರಿಗೆ ವಯಸ್ಸಾಗುವ ಲೆಕ್ಕ: ನನಗೆ ಎಡವಟ್ಟಾದ ಜಾಗದ ಟಿಪ್ಪಣಿ

ಹೋದ ರವಿವಾರದ ಮಾದರಿ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಿತ್ತು: ದೇಶದ ಜನಸಂಖ್ಯೆಗೆ ವಯಸ್ಸಾಗಲು ಮುಖ್ಯ ಕಾರಣ ಯಾವುದು? ಯೋಚನೆಯನ್ನೇ ಮಾಡದೆ ‘ಜನರ ಆಯಸ್ಸು ಹೆಚ್ಚಿದ್ದು’ ಅಂತ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದೆ. ಕೀ ಉತ್ತರದಲ್ಲಿ ‘ಜನನ ಪ್ರಮಾಣ ಇಳಿದದ್ದು’ ಅಂತಿತ್ತು. ಕೀ ಉತ್ತರವೇ ತಪ್ಪು ಅಂತ ಕಲಬುರಗಿಯ ನಮ್ಮ ರೂಮಿನಲ್ಲಿ ರಾತ್ರಿ ಹನ್ನೊಂದರವರೆಗೆ ವಾದ ಮಾಡಿದೆ. ರೂಮಿನ ಗೆಳೆಯ ಶಹಾಪುರ ಕಡೆಯವ, ಗಣಿತದಲ್ಲಿ ನನಗಿಂತ ಚುರುಕು. ಅವನು ಹೇಳಿದ್ದು ಒಂದೇ ಮಾತು: “ಲೇ, ಮುದುಕರನ್ನ ಎಣಸಬ್ಯಾಡ, ಛೇದ ನೋಡು.”

ಆ ಮಾತು ತಲೆಗೆ ಇಳಿಯಲು ಎರಡು ದಿನ ಹಿಡಿಯಿತು. ಇಳಿದದ್ದು ಮತ್ತೆ ಹಾರಿಹೋಗಬಾರದು ಅಂತ ಬರೆದಿಡುತ್ತಿದ್ದೇನೆ. 60 ದಾಟಿದವರು ಹಿರಿಯರು, 15ರಿಂದ 59 ದುಡಿಯುವ ವಯಸ್ಸು ಅನ್ನುವುದೆಲ್ಲ ನಿಮಗೆ ಗೊತ್ತಿದೆ ಅಂತ ಹಿಡಿಯುತ್ತೇನೆ.

ನೂರು ಜನರ ಒಂದು ಊರು

ಹಳೆಯ ಕಾಲದ ಒಂದು ಊರು ಅಂದುಕೊಳ್ಳಿ. ಒಟ್ಟು 100 ಜನ. ಮಕ್ಕಳು 42, ದುಡಿಯುವವರು 52, ಹಿರಿಯರು 6. ಹಿರಿಯರ ಪಾಲು ನೂರಕ್ಕೆ 6.

ಈಗ ಈ ಊರಿಗೆ ಲಸಿಕೆ ಬಂತು, ಒಳ್ಳೆಯ ನೀರು ಬಂತು, ಸೂಲಗಿತ್ತಿಯ ಬದಲು ನರ್ಸ್ ಬಂದಳು. ಸಾವು ಕಡಿಮೆಯಾಯಿತು, ಅಂದರೆ ಆಯಸ್ಸು ಹೆಚ್ಚಿತು. ನನ್ನ ಉತ್ತರದ ಪ್ರಕಾರ ಊರಿಗೆ ವಯಸ್ಸಾಗಬೇಕು. ಆದರೆ ಮೊದಲು ಕಡಿಮೆಯಾಗುವ ಸಾವು ಯಾರದು? ಕೂಸುಗಳದು. ಬಾಣಂತಿ ಕೋಣೆಯಲ್ಲೇ ಸಾಯುತ್ತಿದ್ದ, ಎರಡು ವರ್ಷಕ್ಕೆ ವಾಂತಿ ಭೇದಿಗೆ ಹೋಗುತ್ತಿದ್ದ ಮಕ್ಕಳು ಉಳಿಯುತ್ತವೆ. ಹತ್ತು ಮಕ್ಕಳು ಹೆಚ್ಚು ಉಳಿದರು ಅನ್ನಿ: ಮಕ್ಕಳು 52, ದುಡಿಯುವವರು 52, ಹಿರಿಯರು 6, ಒಟ್ಟು 110. ಹಿರಿಯರ ಪಾಲು 6ನ್ನು 110ರಿಂದ ಭಾಗಿಸಿದರೆ ನೂರಕ್ಕೆ 5.5ರಷ್ಟು.

ಇಲ್ಲಿ ಪೆನ್ನು ಕೆಳಗಿಟ್ಟು ಕೂತೆ. ಆಯಸ್ಸು ಹೆಚ್ಚಿದ್ದಕ್ಕೆ ಊರಿನ ವಯಸ್ಸು ಇಳಿಯಿತು! ಲೆಕ್ಕ ತಪ್ಪಿರಬೇಕು ಅಂತ ಮತ್ತೆ ಮಾಡಿದೆ, ಅಷ್ಟೇ ಬಂತು. ಅಂಶ 6 ಇದ್ದಲ್ಲೇ ಇದೆ, ಛೇದ ಉಬ್ಬಿದೆ. ಅಷ್ಟೇ ಗುಟ್ಟು.

ಮುಂದಿನ ಹಂತದಲ್ಲಿ, ಮಕ್ಕಳು ಉಳಿಯುತ್ತಾರೆ ಅನ್ನುವ ಧೈರ್ಯ ಬಂದ ಮೇಲೆ, ಹೆಣ್ಣುಮಕ್ಕಳು ಶಾಲೆ ಕಲಿತ ಮೇಲೆ, ಹೆರಿಗೆಗಳು ಕಡಿಮೆಯಾಗುತ್ತವೆ. ಕೆಲವು ದಶಕ ಬಿಟ್ಟು ಅದೇ ಊರನ್ನು ನೂರಕ್ಕೆ ಇಳಿಸಿ ನೋಡಿದರೆ ಮಕ್ಕಳು 25, ದುಡಿಯುವವರು 65, ಹಿರಿಯರು 10. ಮೊದಲು ಉಳಿದ ಆ ಮಕ್ಕಳೇ ಈಗ ದುಡಿಯುವವರ ಸಾಲಿನಲ್ಲಿದ್ದಾರೆ, ಅವರ ಹಿಂದೆ ಬರುವ ಸಾಲು ತೆಳ್ಳಗಿದೆ. ಇನ್ನೂ ಮುಂದೆ ಹೋದರೆ 18, 62, 20. ಆಗ ಆ ದೊಡ್ಡ ಸಾಲೇ 60 ದಾಟಿರುತ್ತದೆ.

ಹಾಗಾದರೆ ಆಯಸ್ಸಿಗೆ ಪಾತ್ರವೇ ಇಲ್ಲವೇ? ಇದೆ, ತಡವಾಗಿ. ಕೂಸುಗಳ ಸಾವು ತಳಮಟ್ಟಕ್ಕೆ ಬಂದ ಮೇಲೆ ಉಳಿಸುವುದಕ್ಕೆ ಇರುವುದು ಹಿರಿಯರ ಜೀವವೇ. ಜಪಾನಿನಂಥ ದೇಶಗಳಲ್ಲಿ ಈಗ ಆಯಸ್ಸೂ ಜೋರಾಗಿ ಕೆಲಸ ಮಾಡುತ್ತದೆ. ನಮ್ಮ ಪ್ರಶ್ನೆಯಲ್ಲಿದ್ದದ್ದು ‘ಮುಖ್ಯ ಕಾರಣ’. ಆ ಒಂದು ಪದ ಓದದೆ ಅಂಕ ಕಳೆದುಕೊಂಡೆ.

ನೆನಪಿಗೆ ಮೂರು ಅಂಕಿ: ಒಬ್ಬ ಹೆಣ್ಣುಮಗಳಿಗೆ ಸರಾಸರಿ 2.1 ಮಕ್ಕಳಾದರೆ ಒಂದು ತಲೆಮಾರಿನ ಜಾಗಕ್ಕೆ ಇನ್ನೊಂದು ಸರಿಯಾಗಿ ನಿಲ್ಲುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ್ದು 2.0, ಕರ್ನಾಟಕದ್ದು 1.7.

ಪಾಲು ಬೇರೆ, ಅವಲಂಬನೆ ಬೇರೆ

ಇದೂ ಛೇದದ ಜಗಳವೇ. ಹಿರಿಯರ ಪಾಲು ಕೇಳಿದರೆ ಇಡೀ ಊರಿನಿಂದ ಭಾಗಿಸಬೇಕು. ವೃದ್ಧರ ಅವಲಂಬನಾ ಅನುಪಾತ ಕೇಳಿದರೆ ದುಡಿಯುವವರಿಂದ ಮಾತ್ರ. 2011ರ ಜನಗಣತಿಯಲ್ಲಿ ಭಾರತದ ಹಿರಿಯರ ಪಾಲು 8.6, ಅವಲಂಬನಾ ಅನುಪಾತ 14.2. ಎರಡು ಪುಸ್ತಕ ಎರಡು ಅಂಕಿ ಕೊಟ್ಟಿವೆ ಅಂತ ನಾನು ಒಂದರ ಮೇಲೆ ಗೀಟು ಹಾಕಿಬಿಟ್ಟಿದ್ದೆ. ಎರಡೂ ಸರಿ. ದೇಶದಲ್ಲಿ ದುಡಿಯುವ ವಯಸ್ಸಿನವರು ನೂರಕ್ಕೆ ಸುಮಾರು 60, 8.6ನ್ನು 60ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 14ರ ಆಸುಪಾಸು ತಾನಾಗಿ ಬರುತ್ತದೆ. ಅದೇ ಗಣತಿಯಲ್ಲಿ ಕರ್ನಾಟಕದ ಪಾಲು 9.5, ಕೇರಳದ್ದು 12.6.

ನಮ್ಮ ಊರಿಗೆ ಇದನ್ನು ಹಚ್ಚಿ ನೋಡಿ. ಮೊದಲ ಹಂತದಲ್ಲಿ 52 ಜನರ ಮೇಲೆ 42 ಮಕ್ಕಳು, 6 ಹಿರಿಯರು. ನೂರು ದುಡಿಯುವವರಿಗೆ ಲೆಕ್ಕ ಹಾಕಿದರೆ ಒಟ್ಟು ಅವಲಂಬನೆ 92. ಎರಡನೆಯ ಹಂತದಲ್ಲಿ 65 ಜನರ ಮೇಲೆ 35 ಜನ, ಅಂದರೆ 54. ಮೂರನೆಯದರಲ್ಲಿ 62 ಜನರ ಮೇಲೆ 38, ಅಂದರೆ 61. ನಡುವಿನ ಆ ತಗ್ಗೇ ಪುಸ್ತಕಗಳು ಹೇಳುವ ‘ಜನಸಂಖ್ಯಾ ಲಾಭಾಂಶ’. ತಗ್ಗಿನಲ್ಲಿರುವಾಗ ಉಳಿಸಿಕೊಂಡರೆ ಉಂಟು, ಆಮೇಲೆ ಏರು ದಾರಿ. ಏರುವಾಗ ಭಾರದ ಬಗೆಯೂ ಬದಲಾಗುತ್ತದೆ: ಮಕ್ಕಳಿಗೆ ಶಾಲೆ ಬೇಕು, ಹಿರಿಯರಿಗೆ ದವಾಖಾನೆ ಮತ್ತು ಕೈಯಲ್ಲಿ ರೊಕ್ಕ ಬೇಕು.

ಗುಳೆ ಹೋದ ಊರು

ಯಾದಗಿರಿ, ಕಲಬುರಗಿ ಕಡೆ ಮನೆಗಳಲ್ಲಿ ಮಕ್ಕಳು ಇನ್ನೂ ಹೆಚ್ಚು, ಹಾಗಾಗಿ ನಮಗೆ ಈ ವಿಷಯ ದೂರದ್ದು ಅಂತ ಅನ್ನಿಸಬಹುದು. ನನಗೂ ಅನ್ನಿಸಿತ್ತು. ತೊಗರಿ ರಾಶಿ ಮುಗಿದ ಮೇಲೆ ಊರಿಗೆ ಹೋದಾಗ ಅಗಸಿ ಕಟ್ಟೆಯ ಮೇಲೆ ಕೂತವರನ್ನು ನೋಡಿದರೆ ಬರೀ ಬಿಳಿ ತಲೆಗಳು. ಮಿಕ್ಕವರು ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗಿದ್ದಾರೆ.

ಅದೇ ಎರಡನೆಯ ಹಂತದ ಊರಿನಿಂದ 20 ದುಡಿಯುವವರು 5 ಮಕ್ಕಳನ್ನು ಕಟ್ಟಿಕೊಂಡು ಬಸ್ಸು ಹತ್ತಲಿ. ಉಳಿದದ್ದು ಮಕ್ಕಳು 20, ದುಡಿಯುವವರು 45, ಹಿರಿಯರು 10, ಒಟ್ಟು 75. ಹಿರಿಯರ ಪಾಲು 10ರಿಂದ 13.3ಕ್ಕೆ ಹಾರಿತು. ವೃದ್ಧರ ಅವಲಂಬನೆ 15ರಿಂದ 22ಕ್ಕೆ. ಯಾರಿಗೂ ಒಂದು ದಿನವೂ ವಯಸ್ಸಾಗಿಲ್ಲ, ಊರಿಗೆ ಮಾತ್ರ ಆಯಿತು. ಆದ್ದರಿಂದ ಜಿಲ್ಲೆಯ ಸರಾಸರಿ ನೋಡಿ ‘ಇದು ಹರೆಯದ ಜಿಲ್ಲೆ’ ಅಂತ ಯೋಜನೆ ಹಾಕಿದರೆ ಹಳ್ಳಿಯ ಲೆಕ್ಕ ತಪ್ಪುತ್ತದೆ. ದುಡಿದವರು ಫೋನ್‌ನಲ್ಲಿ ರೊಕ್ಕ ಕಳಿಸುತ್ತಾರೆ, ಸುಳ್ಳಲ್ಲ. ಆದರೆ ರಾತ್ರಿ ಜ್ವರ ಬಂದರೆ ಆಟೋ ಕರೆಯುವ ಕೈ ಫೋನ್‌ನಲ್ಲಿ ಬರುವುದಿಲ್ಲ.

ಸರಾಸರಿ ಆಯಸ್ಸು 70 ಅಂದರೆ

ಸಣ್ಣದು, ಆದರೆ ಪಿಂಚಣಿಗೆ ಬೇಕು. ಹತ್ತು ಕೂಸುಗಳಲ್ಲಿ ಮೂರು ಹುಟ್ಟಿದ ಕೂಡಲೇ ಹೋದವು, ಏಳು ಜನ 65ರವರೆಗೆ ಬದುಕಿದರು ಅನ್ನಿ. ಸರಾಸರಿ 45.5. ಆ ಊರಿನಲ್ಲಿ 45ಕ್ಕೆ ಸತ್ತವರು ಒಬ್ಬರೂ ಇಲ್ಲ! ಈಗ ಭಾರತದಲ್ಲಿ ಹುಟ್ಟುವಾಗಿನ ನಿರೀಕ್ಷಿತ ಆಯಸ್ಸು ಸುಮಾರು 70. ಆದರೆ 60 ಮುಟ್ಟಿದವರು ಸರಾಸರಿ ಇನ್ನೂ ಸುಮಾರು 18 ವರ್ಷ ಬದುಕುತ್ತಾರೆ, ಯಾಕೆಂದರೆ ಎಳವೆಯ ಅಪಾಯಗಳನ್ನು ಅವರು ಆಗಲೇ ದಾಟಿದ್ದಾರೆ. ಪಿಂಚಣಿಯ ಲೆಕ್ಕ ಹಾಕುವಾಗ 70ರಲ್ಲಿ 60 ಕಳೆದು 10 ಅಂದರೆ ಬಜೆಟ್ಟೇ ಅರ್ಧ ತಪ್ಪುತ್ತದೆ.

ಪಗಾರ, ಮತ್ತು ನನ್ನ ಮೆಚ್ಚಿನ 72

ಪುಸ್ತಕದಲ್ಲಿ ‘ಸಾಮಾಜಿಕ ಭದ್ರತಾ ಪಿಂಚಣಿ’. ನಮ್ಮ ಆಯಿಯ ಬಾಯಲ್ಲಿ ‘ಪಗಾರ’. ಸಂವಿಧಾನದಲ್ಲಿ ಇದರ ಬೇರು 41ನೇ ವಿಧಿ: ನಿರುದ್ಯೋಗ, ಮುಪ್ಪು, ಕಾಯಿಲೆಯಲ್ಲಿ ಸರ್ಕಾರದ ನೆರವು. ಆದರೆ ಅದು ನಿರ್ದೇಶಕ ತತ್ವ, ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ಸರ್ಕಾರ ಮಾಡಬೇಕಾದದ್ದು.

ಎರಡು ಯೋಜನೆಗಳನ್ನು ಕಲಸಬೇಡಿ. ಒಂದು ಕೇಂದ್ರದ್ದು: 1995ರ ಆಗಸ್ಟ್ 15ರಂದು ಶುರುವಾದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದ ವೃದ್ಧಾಪ್ಯ ಪಿಂಚಣಿ. ಆಗ ತಿಂಗಳಿಗೆ 75 ರೂಪಾಯಿ. 2006ರಲ್ಲಿ 200 ಆಯಿತು, 2007ರಲ್ಲಿ ಇಂದಿರಾ ಗಾಂಧಿ ಹೆಸರು ಬಂತು, 2011ರಲ್ಲಿ ಅರ್ಹತೆಯ ವಯಸ್ಸು 65ರಿಂದ 60ಕ್ಕೆ ಇಳಿಯಿತು, 80 ದಾಟಿದವರಿಗೆ 500 ಆಯಿತು. ಇನ್ನೊಂದು ರಾಜ್ಯದ್ದು: 2007ರ ಸಂಧ್ಯಾ ಸುರಕ್ಷಾ, 65 ತುಂಬಿದ ಸಣ್ಣ ರೈತರು, ಕೂಲಿಯವರು, ನೇಕಾರರು, ಮೀನುಗಾರರು, ಅಸಂಘಟಿತ ಕಾರ್ಮಿಕರಿಗೆ. 2021ರಲ್ಲಿ ಅದು 1,000ದಿಂದ 1,200ಕ್ಕೆ ಏರಿತು. ಒಬ್ಬರಿಗೆ ಒಂದೇ ಪಗಾರ.

ಈಗ 72. ಬೆಲೆಯೇರಿಕೆ ವರ್ಷಕ್ಕೆ ಎಷ್ಟೋ, ಅದರಿಂದ 72ನ್ನು ಭಾಗಿಸಿ. ಅಷ್ಟು ವರ್ಷಕ್ಕೆ ರೊಕ್ಕದ ಬೆಲೆ ಅರ್ಧ. 6 ಅಂತ ಹಿಡಿದರೆ 12 ವರ್ಷ. ಇದು ಗೊತ್ತಾದ ದಿನದಿಂದ ಕಂಡಕಂಡದ್ದಕ್ಕೆಲ್ಲ ಹಚ್ಚುತ್ತಿದ್ದೇನೆ. ಕೇಂದ್ರದ ಆ 200 ರೂಪಾಯಿ 60ರಿಂದ 79ರವರಿಗೆ ಹಾಗೇ ನಿಂತಿದೆ. 12 ವರ್ಷಕ್ಕೆ ಅದರ ಬೆಲೆ 100. ಇನ್ನೂ ಆರು ವರ್ಷಕ್ಕೆ 1.4ರಿಂದ ಭಾಗಿಸಿದರೆ 70ರ ಹತ್ತಿರ. ಹದಿನೆಂಟು ವರ್ಷದಲ್ಲಿ 200 ಅನ್ನುವುದು 2006ರ 70 ರೂಪಾಯಿಗೆ ಬಂದು ನಿಂತಿತು. 1995ರಲ್ಲಿ ಕೊಟ್ಟದ್ದೇ 75!

ಅಟಲ್ ಪಿಂಚಣಿಗೂ ಹಚ್ಚಿದೆ. 2015ರ ಯೋಜನೆ, 18ರಿಂದ 40ರೊಳಗೆ ಸೇರಿ ಕಂತು ಕಟ್ಟಿದರೆ 60ರ ನಂತರ ತಿಂಗಳಿಗೆ 1,000ದಿಂದ 5,000ದವರೆಗೆ ಖಾತ್ರಿ. ನನಗೆ 24. ಈ ವಯಸ್ಸಿಗೆ ಸೇರಿದರೆ ಮೊದಲ ಪಿಂಚಣಿ ಕೈಗೆ ಬರಲು 36 ವರ್ಷ, ಅಂದರೆ ಮೂರು ಸಲ ಅರ್ಧ: 5,000, 2,500, 1,250, 625. ಸೇರಬೇಡಿ ಅಂತ ಇದರರ್ಥವಲ್ಲ, ನಾನೇ ಸೇರಿದ್ದೇನೆ. ಬೆಲೆಗೆ ತಕ್ಕಂತೆ ಏರದ ಪಿಂಚಣಿ ಕಾಗದದ ಮೇಲೆ ನಿಂತಲ್ಲೇ ಕರಗುತ್ತದೆ ಅನ್ನುವುದು ಪ್ರಬಂಧದ ಉತ್ತರದಲ್ಲಿ ಬರೆಯಬೇಕಾದ ಸಾಲು.

ಸರ್ಕಾರಿ ನೌಕರರ ಕಥೆ ಬೇರೆ. ಹಳೆಯ ಪಿಂಚಣಿಯಲ್ಲಿ ಇಂದಿನ ತೆರಿಗೆಯಿಂದ ನಿನ್ನೆಯ ನೌಕರನಿಗೆ ಹಣ ಹೋಗುತ್ತದೆ, ಹಾಗಾಗಿ ಅವಲಂಬನೆ ಏರಿದಷ್ಟೂ ಸರ್ಕಾರಕ್ಕೆ ತಲೆನೋವು. ಹೊಸ ಪಿಂಚಣಿಯಲ್ಲಿ (ಕೇಂದ್ರದಲ್ಲಿ 2004ರ ಜನವರಿ 1, ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ) ಅವರವರ ಗಡಿಗೆಯಲ್ಲಿ ಅವರವರ ಹಣ, ಮಾರುಕಟ್ಟೆ ಬಿದ್ದರೆ ಅವರಿಗೇ ತಲೆನೋವು. ಹೊಲದಲ್ಲಿ ಕಳೆ ತೆಗೆಯುವವರಿಗೆ ಎರಡೂ ಇಲ್ಲ. ನಿವೃತ್ತಿ ಅನ್ನುವ ಪದವೇ ಅವರಿಗಿಲ್ಲ, ಮೈ ನಡೆಯುವವರೆಗೆ ಕೂಲಿ.

ಒಂದು ಮಾತು ಸಿಲಬಸ್ಸಿನ ಆಚೆ. ಆಯಿಯ ಪಗಾರ ಒಮ್ಮೆ ನಾಲ್ಕು ತಿಂಗಳು ನಿಂತಿತ್ತು. ಐವತ್ತು ವರ್ಷ ರೊಟ್ಟಿ ಬಡಿದ ಕೈ, ಹೆಬ್ಬೆಟ್ಟು ಯಂತ್ರಕ್ಕೆ ಹತ್ತಲಿಲ್ಲ. ಬ್ಯಾಂಕಿನವರು ಕಚೇರಿಗೆ ಹೋಗಿ ಅಂದರು, ಕಚೇರಿಯವರು ಆಧಾರ್ ಜೋಡಿಸಿಕೊಂಡು ಬನ್ನಿ ಅಂದರು. “ನಾ ಜೀವಂತ ಅದೀನಿ ಅಂತ ನಾನೇ ಬಂದು ನಿಂತೀನಲ್ಲೋ, ಮತ್ತೇನ್ ಬೇಕು ಇವರಿಗಿ?” ಅಂತ ಆಯಿ ಅಲ್ಲೇ ಕೇಳಿದಳು. ‘ಯೋಜನೆಗಳ ಅನುಷ್ಠಾನದ ಸಮಸ್ಯೆಗಳು’ ಅಂತ ಐದು ಅಂಕಕ್ಕೆ ಪ್ರಶ್ನೆ ಬಂದರೆ ನನಗೆ ಓದುವ ಅಗತ್ಯವಿಲ್ಲ.

ಆರೋಗ್ಯ

ಎರಡೇ ಸಾಲು: 2010–11ರಲ್ಲಿ ಹಿರಿಯರ ಆರೋಗ್ಯಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. 2024ರ ಅಕ್ಟೋಬರ್ 29ರಂದು 70 ದಾಟಿದ ಎಲ್ಲರಿಗೂ, ಆದಾಯ ನೋಡದೆ, ಆಯುಷ್ಮಾನ್ ಭಾರತದಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ವಿಸ್ತರಣೆಯಾಯಿತು. ಅದು ಆಸ್ಪತ್ರೆಗೆ ದಾಖಲಾದಾಗ. ದಿನಾ ನುಂಗುವ ಬಿಪಿ, ಶುಗರ್ ಮಾತ್ರೆಯ ಖರ್ಚು ಬೇರೆ.

2007ರ ಕಾಯ್ದೆ

ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ. ಮಕ್ಕಳು ನೋಡಿಕೊಳ್ಳದಿದ್ದರೆ ಹಿರಿಯರು ಪೋಷಣೆಯ ಹಣ ಕೇಳುವ ದಾರಿ ಇದು, ಕೇಳುವುದು ನ್ಯಾಯಮಂಡಳಿಯ ಮುಂದೆ. ನ್ಯಾಯಮಂಡಳಿಯ ಅಧ್ಯಕ್ಷರು ಉಪವಿಭಾಗಾಧಿಕಾರಿ: ಕಲಬುರಗಿ ಜಿಲ್ಲೆಯಲ್ಲಿ ಕಲಬುರಗಿ ಮತ್ತು ಸೇಡಂ, ಬೀದರಿನಲ್ಲಿ ಬೀದರ್ ಮತ್ತು ಬಸವಕಲ್ಯಾಣ, ಯಾದಗಿರಿಗೆ ಒಂದೇ. ಮೇಲ್ಮನವಿ ಜಿಲ್ಲಾಧಿಕಾರಿಗೆ. ಪೋಷಣೆಯ ಗರಿಷ್ಠ ಮೊತ್ತ ತಿಂಗಳಿಗೆ 10,000. ನೋಟಿಸ್ ತಲುಪಿದ 90 ದಿನದಲ್ಲಿ ತೀರ್ಮಾನ, ಬೇಕಾದರೆ ಒಮ್ಮೆ 30 ದಿನ ಹೆಚ್ಚು. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ವಾರಸುದಾರರಾಗುವ ಸಂಬಂಧಿಕರನ್ನು ಕೇಳಬಹುದು. ಈ ಕಾಯ್ದೆ ಅಥವಾ ಕ್ರಿಮಿನಲ್ ಕಾನೂನಿನ ಜೀವನಾಂಶ, ಎರಡರಲ್ಲಿ ಒಂದೇ ದಾರಿ.

ಕಲಮು 23 ಗಟ್ಟಿಮಾಡಿಕೊಳ್ಳಿ. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಹಿರಿಯರು ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಆ ಬರಹವನ್ನು ನ್ಯಾಯಮಂಡಳಿ ರದ್ದು ಮಾಡಬಹುದು. ಷರತ್ತು ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ, ಮಗ ಬೇರೆ ಕಾಗದದಲ್ಲಿ ಬರೆದುಕೊಟ್ಟಿದ್ದ ವಚನವನ್ನೂ ಗಣನೆಗೆ ತೆಗೆದುಕೊಂಡು, ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಅಂದಿತು.

ಇದನ್ನು ಓದುವ ಹೊತ್ತಿಗೇ ಊರಿನಲ್ಲಿ ಮುತ್ಯಾ ನಾಲ್ಕು ಎಕರೆ ತೊಗರಿ ಹೊಲ ಕಾಕಾನ ಹೆಸರಿಗೆ ಹಚ್ಚುವ ಮಾತು ನಡೆದಿತ್ತು. ದಾನಪತ್ರದ ಕರಡು ತರಿಸಿ ಎರಡು ಸಲ ಓದಿದೆ. ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ ಅಂತಿತ್ತು, ಷರತ್ತು ಇರಲಿಲ್ಲ. ಒಂದು ಸಾಲು ಸೇರಿಸೋಣ ಮುತ್ಯಾ ಅಂದೆ.

“ಹೊಟ್ಯಾಗ ಹುಟ್ಟಿದ ಮಗಗ ಷರತ್ ಹಾಕ್ಲೇನು?” ಅಂದ. ಕಾಕಾ ಅಲ್ಲೇ ಚಹಾ ಕುಡಿಯುತ್ತಿದ್ದ, ತಲೆ ಎತ್ತಲಿಲ್ಲ. ಕರಡು ಇನ್ನೂ ನನ್ನ ಪುಸ್ತಕದೊಳಗೇ ಇದೆ, 23ನೇ ಕಲಮಿನ ಪುಟದಲ್ಲಿ.