ತಾತನ ಬಣ್ಣದ ಬೀರುಗೆ ಉಪ್ಪುಕಾಗದ ಹಚ್ಚೋಕೆ ಮುಂಚೆ

ಹಳೇ ಮರದ ಸಾಮಾನು ರಿಪೇರಿ ಮಾಡೋ ನನ್ನಂಥವರ ಹತ್ರ ಮೈಸೂರು ಕಡೆಯಿಂದ ಆಗಾಗ ಒಂದು ಥರದ ಬೀರು ಬರುತ್ತೆ. ಸೊಂಟದೆತ್ತರ, ತೇಗದ್ದೋ ಬೀಟೆದೋ, ಸಾಲಾಗಿ ತೆಳ್ಳನೆ ಡ್ರಾಯರ್‌ಗಳು, ಕುಂಚ ಮಲಗಿಸೋಕೆ ಉದ್ದನೆ ಖಾನೆ, ಬಣ್ಣದ ಪುಡಿಗೆ ಸಣ್ಣ ಸಣ್ಣ ಖಾನೆ. ಹಿಂದೆ ಮನೇಲಿ ಯಾರೋ ಚಿತ್ರ ಬರೀತಿದ್ರು ಅನ್ನೋದಷ್ಟೇ ಗೊತ್ತಿರುತ್ತೆ. ತಂದವರು ಕೇಳೋದೂ ಒಂದೇ, "ಒಳಗೆಲ್ಲ ಗಲೀಜಾಗಿದೆ ಸಾರ್, ಚೆನ್ನಾಗಿ ಕೆರೆದು ಪಾಲಿಶ್ ಹೊಡೆದು ಹೊಸದು ಮಾಡಿಕೊಡಿ". ನಾನು ಬೇಡ ಅಂತೀನಿ. ಅವರು ಗಲೀಜು ಅನ್ನೋದರಲ್ಲೇ ಆ ಬೀರುವಿನ ಬೆಲೆ ಇರೋದು, ಅದನ್ನ ಉಜ್ಜಿದ್ರೆ ಮನೆಯವರ ಆರೋಗ್ಯ ಕೆಡೋದೂ ಅದರಿಂದಲೇ.

ಆರೋಗ್ಯದ ವಿಷಯ ಮೊದಲು. ಹಳೇ ಕಾಲದ ಹಳದಿ ಅಂದ್ರೆ ಹರಿತಾಳ, ಅದರಲ್ಲಿ ಆರ್ಸೆನಿಕ್ ಇದೆ. ಕೆಂಪು ಅಂದ್ರೆ ಇಂಗಳೀಕ, ಅದರಲ್ಲಿ ಪಾದರಸ. ಬಿಳಿ ಸಫೇದದಲ್ಲಿ ಸೀಸ. ಮೈಸೂರು ಶೈಲಿ ಚಿತ್ರಗಳಲ್ಲಿ ದೇವರ ಒಡವೆ, ಸೀರೆ ಅಂಚು, ಮಂಟಪದ ಕಂಬ ಎಲ್ಲ ಸ್ವಲ್ಪ ಉಬ್ಬಿಕೊಂಡು ಕಾಣುತ್ತಲ್ಲ, ಆ ಗೆಸ್ಸೊ ಕೆಲಸಕ್ಕೆ ಸೀಸದ ಸಫೇದ ಪುಡೀನ ಅಂಟಿನ ಜೊತೆ ಅರೆದು ಕುಂಚದಲ್ಲಿ ಎಳೆ ಎಳೆಯಾಗಿ ಹಚ್ಚಿ ಅದರ ಮೇಲೆ ಚಿನ್ನದ ರೇಕು ಕೂರಿಸ್ತಿದ್ರು. ಹಾಗಾಗಿ ಇಂಥ ಬೀರು ಅಂದ್ರೆ ಡ್ರಾಯರ್ ಮೂಲೇಲಿ ಸೀಸದ ಪುಡಿ ಇದ್ದೇ ಇರುತ್ತೆ ಅಂತ ಅನ್ಕೊಂಡೇ ಕೈ ಹಾಕಬೇಕು. ಉಪ್ಪುಕಾಗದದಲ್ಲಿ ಉಜ್ಜಿದ್ರೆ ಅದೆಲ್ಲ ಧೂಳಾಗಿ ಎದ್ದು ಸೀದಾ ಮೂಗಿಗೆ ಹೋಗುತ್ತೆ. ಪೊರಕೆ ಬೇಡ, ಮನೆ ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ, ಅದು ಸಣ್ಣ ಪುಡೀನ ಹಿಂದಿನಿಂದ ಮತ್ತೆ ರೂಮಿಗೇ ಊದುತ್ತೆ. ಬಯಲಲ್ಲಿಟ್ಟು, ಎನ್95 ಮಾಸ್ಕ್, ಗ್ಲೌಸ್ ಹಾಕಿ, ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೇಲಿ ಸಡಿಲ ಇರೋ ಪುಡಿ ಮಾತ್ರ ಒರೆಸಿ ತೆಗೀರಿ, ಬಟ್ಟೆ ಒಗೆದು ಮತ್ತೆ ಬಳಸಬೇಡಿ, ಮಕ್ಕಳನ್ನ ಹತ್ರ ಬಿಡಬೇಡಿ. ಮರಕ್ಕೆ ಇಳಿದಿರೋ ಕಲೆ ಇದೆಯಲ್ಲ, ಅದು ಅಲ್ಲೇ ಇರಲಿ, ಅದರ ಮೇಲೆ ತೆಳ್ಳಗೆ ಒಂದು ಕೋಟ್ ಅರಗಿನ ಪಾಲಿಶ್ ಎಳೆದ್ರೆ ಪುಡಿ ಏಳೋದು ನಿಲ್ಲುತ್ತೆ, ಕಲೆ ಕಾಣ್ತಾನೂ ಇರುತ್ತೆ.

ಆ ಕಲೆ ಯಾಕೆ ಬೇಕು ಅಂದ್ರೆ, ಯಾವ ಖಾನೇಲಿ ಯಾವ ಬಣ್ಣ ಇತ್ತು, ಕೈಗೆ ಹತ್ರ ಯಾವುದನ್ನ ಇಟ್ಕೋತಿದ್ರು ಅನ್ನೋದಕ್ಕೆ ಬೇರೆ ದಾಖಲೆ ಇರಲ್ಲ. ಒಂದು ಡ್ರಾಯರ್ ಪೂರ್ತಿ ಹೊರಗೆಳೆದು ಬೋರಲು ಹಾಕಿ, ಟಾರ್ಚ್ ಪಕ್ಕದಿಂದ ಹಿಡಿದು ನೋಡಿ. ಕೈಯಲ್ಲಿ ಮಾಡಿದ್ದಾದ್ರೆ ತಳದ ಹಲಗೇಲಿ ಕೀಸುಳಿ ಓಡಿದ ಸಣ್ಣ ತಗ್ಗು ಬೆರಳಿಗೆ ಸಿಗುತ್ತೆ, ಮೂಲೇಲಿ ಎರಡು ಹಲಗೆ ಹಲ್ಲಿಗೆ ಹಲ್ಲು ಕಚ್ಚಿಕೊಳ್ಳೋ ಡವ್‌ಟೇಲ್ ಜಾಯಿಂಟ್‌ನ ಹಲ್ಲುಗಳು ಒಂದು ದಪ್ಪ ಒಂದು ಸಣ್ಣ ಇರುತ್ತೆ, ಆಚಾರಿ ಗುರುತಿಗೆ ಗೀರಿದ ಗೆರೆ ಕೂಡ ಉಳಿದಿರುತ್ತೆ. ಅರ್ಧಚಂದ್ರದ ಥರ ಗರಗಸದ ಗುರುತಿದ್ರೆ ಹಲಗೆ ಮಿಷಿನ್ನಲ್ಲಿ ಸೀಳಿದ್ದು. ಪ್ಲಸ್ ತಲೆ ಸ್ಕ್ರೂ ಬಂದಿದ್ದು 1930ರ ದಶಕದಲ್ಲಿ, ಅದಕ್ಕೂ ಹಳೇದು ಅಂತ ಯಾರಾದ್ರೂ ಮಾರೋಕೆ ಬಂದ್ರೆ ಸ್ಕ್ರೂ ಆಮೇಲೆ ಹಾಕಿದ್ದಾ ಅಂತ ಕೇಳಿ. ಟ್ಯೂಬ್ ಜೋಡಿಸೋಕೇ ಅಂತ ಮಾಡಿದ ಖಾನೆ ಇದ್ರೆ ಅದು 1841ರ ಈಚಿನದ್ದೇ, ಯಾಕಂದ್ರೆ ಜಾನ್ ಗಾಫ್ ರ‍್ಯಾಂಡ್ ತಗಡಿನ ಬಣ್ಣದ ಟ್ಯೂಬ್‌ಗೆ ಪೇಟೆಂಟ್ ತಗೊಂಡಿದ್ದೇ ಆ ವರ್ಷ.

ಹೊರಗಿನ ಪಾಲಿಶ್‌ಗೂ ಆತುರ ಬೇಡ. ಕಾಣದ ಜಾಗದಲ್ಲಿ ಹತ್ತಿಗೆ ಸ್ಪಿರಿಟ್ ಹಚ್ಚಿ ಒತ್ತಿ, ಅಂಟಂಟಾದ್ರೆ ಅರಗಿನ ಪಾಲಿಶ್. ಒಳ್ಳೇ ಸುದ್ದಿ ಅದು, ಹೊಸ ಅರಗು ಹಳೇದನ್ನ ಕರಗಿಸಿಕೊಂಡು ಒಂದಾಗುತ್ತೆ, ಪೂರ್ತಿ ಕೆರೆಯೋ ಅಗತ್ಯನೇ ಇಲ್ಲ. ಇದರ ಮೇಲೆ ಪಿಯು (ಪಾಲಿಯುರೆಥೇನ್), ಮೆಲಮೈನ್ ಥರದ ಪ್ಲಾಸ್ಟಿಕ್‌ನಂಥ ಗಟ್ಟಿ ಕೋಟ್ ಹೊಡೆಸಿ ಗಾಜಿನ ಥರ ಹೊಳೆಯೋ ಹಾಗೆ ಮಾಡ್ಸಿರೋದು ನೋಡಿದ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ, ಯಾಕಂದ್ರೆ ಅದನ್ನ ತೆಗೀಬೇಕಂದ್ರೆ ಹಳೇ ಮೈ ಕೂಡ ಜೊತೆಗೆ ಹೋಗುತ್ತೆ. ಅಗಸೆ ಎಣ್ಣೆ ಹಚ್ಚೋರು ಒರೆಸಿದ ಬಟ್ಟೇನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ಅದು ತಾನಾಗೇ ಬಿಸಿಯಾಗಿ ಹೊತ್ಕೊಳ್ಳುತ್ತೆ, ಬಿಡಿಸಿ ಬಯಲಲ್ಲಿ ಒಣಗಿಸಿ.

ಮಳೆಗಾಲದಲ್ಲಿ ಡ್ರಾಯರ್ ಸಿಕ್ಕಾಕ್ಕೊಳ್ತು ಅಂತ ಕೀಸಿಸಬೇಡಿ. ಮರ ಅಡ್ಡಕ್ಕೆ ಊದ್ಕೊಂಡಿರುತ್ತೆ, ಬೇಸಿಗೇಲಿ ತಾನೇ ಇಳಿಯುತ್ತೆ, ಈಗ ಕೀಸಿದ್ರೆ ಆಗ ಲೊಡಲೊಡ ಅನ್ನುತ್ತೆ. ಜಾರೋ ಪಟ್ಟಿಗೆ ಮೇಣದ ಬತ್ತಿ ಉಜ್ಜಿದ್ರೆ ಸಾಕು. ತಳದ ಹಲಗೆಗೆ ಫೆವಿಕಾಲ್ ಹಾಕಿ ಬಿಗಿ ಮಾಡ್ಲೇಬೇಡಿ, ಅದು ಹಿಗ್ಗಿ ಕುಗ್ಗಲಿ ಅಂತಲೇ ಆಚಾರಿ ಅಂಟು ಹಾಕದೆ ಬರೀ ಗಾಡಿಯಲ್ಲಿ, ಅಂದ್ರೆ ಪಕ್ಕದ ಹಲಗೇಲಿ ಕೊರೆದ ಉದ್ದನೆ ಸಂದಿನಲ್ಲಿ, ಕೂರಿಸಿರ್ತಾರೆ.

ಮತ್ತೆ ಚಿತ್ರದ ಸಾಮಾನೇ ಇಡ್ತೀವಿ ಅನ್ನೋರಿಗೆ ನನಗಂತೂ ಖುಷಿ. ಆದ್ರೆ ಪೇಪರ್ ಸೀದಾ ಮರದ ಮೇಲಿಡಬೇಡಿ, ಮುಚ್ಚಿದ ಡ್ರಾಯರ್‌ನಲ್ಲಿ ಮರದಿಂದ ಹುಳಿ ಆವಿ ಬಂದು ಪೇಪರ್ ಹಳದಿ ತಿರುಗುತ್ತೆ, ಆಸಿಡ್-ಫ್ರೀ ಹಾಳೆ ಹಾಸಿ, ಒಳ್ಳೇ ಪೇಪರ್ ಆದ್ರೆ ಪಾಲಿಯೆಸ್ಟರ್ ಹಾಳೆಯಲ್ಲಿ ಸುತ್ತಿ ಇಡಿ. ಕುಟ್ಟೆ ಹುಳದ ತೂತು ಕಂಡ್ರೆ ಗಾಬರಿ ಬೇಡ, ಅದು ಎಷ್ಟೋ ವರ್ಷದ ಹಿಂದಿನ ತೂತಿರಬಹುದು. ತೂತಿನ ಕೆಳಗೆ ಕಪ್ಪು ಹಾಳೆ ಹಾಸಿ ಒಂದೆರಡು ವಾರ ಬಿಟ್ಟು ನೋಡಿ, ಹೊಸ ಪುಡಿ ಬಿದ್ದಿದ್ರೆ ಮಾತ್ರ ಔಷಧಿ ಹೊಡೆಸಿ.