ಬಂದರು ಬೆಳೆದಲ್ಲಿ ಹಿಂಸೆ ಏಕೆ? ಪಣಂಬೂರಿನಿಂದ ಬ್ವೆನಾವೆಂತೂರಾದವರೆಗೆ

ಬಂದರು ಬಂದರೆ ಊರಿಗೆ ಕೆಲಸ ಬರುತ್ತದೆ ಎನ್ನುವುದು ಎಲ್ಲೆಡೆ ಕೇಳುವ ಮಾತು. ಕೊಲಂಬಿಯಾದ ಪೆಸಿಫಿಕ್ ಕರಾವಳಿಯ ಬ್ವೆನಾವೆಂತೂರಾದಲ್ಲಿ ಆದದ್ದು ಬೇರೆ: ಸರಕು ಹೆಚ್ಚಿತು, ಕೊಲೆಗಳೂ ಹೆಚ್ಚಿದವು. ಬಂದರು ಬೆಳೆದಲ್ಲಿ ಹಿಂಸೆ ಏಕೆ ಎಂಬ ಪ್ರಶ್ನೆಗೆ ಉತ್ತರ ಬರೆಯುವಾಗ ‘ಬಡತನವೇ ಕಾರಣ’ ಎಂದು ಮುಗಿಸಬೇಡಿ, ಅದು ಅರ್ಧ ಉತ್ತರ. ಬೆಲ್ಜಿಯಂನ ಬಡವಲ್ಲದ ಬಂದರು ಊರು ಆಂಟ್‌ವರ್ಪ್‌ನಲ್ಲೂ ಕೊಕೇನ್ ಕಳ್ಳಸಾಗಣೆಯ ಜಗಳಕ್ಕೆ ಮನೆಗಳಿಗೆ ಗುಂಡು ಹಾರಿದೆ, ಸ್ಫೋಟಗಳಾಗಿವೆ.

ಮೊದಲು ಕೆಲಸದ ಲೆಕ್ಕ. ಮಂಗಳೂರಿನ ಹಳೆ ಬಂದರಿನ ಧಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗೆ (ಮರದ ಸರಕು ಹಡಗಿಗೆ) ಸರಕು ತುಂಬಲು ಆಳುಗಳ ಹೆಗಲು ಬೇಕು. 50 ಕೆ.ಜಿ.ಯ 400 ಚೀಲ ಎಂದರೆ 20 ಟನ್. ಅಷ್ಟೇ ಭಾರ ಒಂದು 20 ಅಡಿ ಕಂಟೇನರ್‌ನಲ್ಲಿ ಹಿಡಿಯುತ್ತದೆ. ದೊಡ್ಡ ಕ್ರೇನ್ ಗಂಟೆಗೆ ಅಂಥ 25–30 ಪೆಟ್ಟಿಗೆ ಎತ್ತುತ್ತದೆ, ಮೇಲೆ ಕೂತವನು ಒಬ್ಬನೇ. ಕೊಲಂಬಿಯಾ 1991ರಲ್ಲಿ ಸರ್ಕಾರಿ ಬಂದರು ಸಂಸ್ಥೆ ಕೊಲ್‌ಪುವೆರ್ತೋಸ್ ಅನ್ನು ಮುಚ್ಚಲು ಕಾನೂನು ಮಾಡಿ ಬಂದರುಗಳನ್ನು ಖಾಸಗಿಗೆ ಬಿಟ್ಟಿತು. ಸಂಘವಿದ್ದ, ಪಿಂಚಣಿಯಿದ್ದ ಕೆಲಸ ಹೋಗಿ ದಿನಗೂಲಿ ಬಂತು.

ಎರಡನೆಯದು ನೆಲ. ಇಲ್ಲೇ ಸ್ವಲ್ಪ ನಿಲ್ಲಬೇಕು. ಬ್ವೆನಾವೆಂತೂರಾದ ಆಫ್ರಿಕಾ ಮೂಲದ ಜನ ಉಬ್ಬರವಿಳಿತದ ಕೆಸರಿನ ಮೇಲೆ ಕಂಬ ನೆಟ್ಟು ಮನೆ ಕಟ್ಟಿಕೊಂಡರು. ಕಸ, ಮಣ್ಣು ತುಂಬಿ ಸಮುದ್ರದಿಂದಲೇ ನೆಲ ಪಡೆದರು. ಕಾನೂನಿನ ಪ್ರಕಾರ ಅದು ಸರ್ಕಾರಿ ಜಾಗ, ಅವರ ಕೈಯಲ್ಲಿ ಪಟ್ಟೆ (ಹಕ್ಕುಪತ್ರ) ಇಲ್ಲ. ಟರ್ಮಿನಲ್‌ಗೂ ಸಮುದ್ರದಂಡೆಯ ಪ್ರವಾಸಿ ಯೋಜನೆಗೂ ಅದೇ ಅಂಚು ಬೇಕು. ಕಳ್ಳಸಾಗಣೆಯ ದೋಣಿ ರಾತ್ರಿ ಬಿಡುವುದಕ್ಕೂ ಅದೇ ಅಂಚು. ಹೀಗಾಗಿ ಸಶಸ್ತ್ರ ಗುಂಪುಗಳು ಕೇರಿ ಕೇರಿಗೂ ‘ಕಾಣದ ಗಡಿ’ ಹಾಕಿದವು, ದಾಟಿದವನಿಗೆ ಸಾವು. ಹೆಣಗಳನ್ನು ತುಂಡರಿಸುತ್ತಿದ್ದ ಮನೆಗಳ ವಿಷಯ 2014ರಲ್ಲಿ ಮಾನವ ಹಕ್ಕು ಸಂಸ್ಥೆ ಹ್ಯೂಮನ್ ರೈಟ್ಸ್ ವಾಚ್‌ನ ವರದಿಯಿಂದ ಜಗತ್ತಿಗೆ ಗೊತ್ತಾಯಿತು. ಜನ ಊರು ಬಿಟ್ಟರೆ ನೆಲ ತಾನಾಗಿ ಖಾಲಿ. ಬಂದರು ಕಂಪನಿಗಳೇ ಕೊಲ್ಲಿಸಿದವು ಎಂದು ಬರೆಯಬೇಡಿ. ಪಟ್ಟೆ ಇಲ್ಲದವನನ್ನು ಹೆದರಿಸಿ ಓಡಿಸುವುದು ಸುಲಭ ಎನ್ನುವುದೇ ಇಲ್ಲಿನ ಅಂಶ.

ಮೂರನೆಯದು ಪೆಟ್ಟಿಗೆಯೊಳಗಿನ ಕತ್ತಲೆ. ಬಾಳೆಹಣ್ಣು ತುಂಬಿದ ಕಂಟೇನರ್‌ನ ಬಾಗಿಲಿಗೆ ನಂಬರ್ ಇರುವ ಬೋಲ್ಟ್ ಸೀಲ್ (ಕತ್ತರಿಸದೆ ತೆಗೆಯಲಾಗದ ಲೋಹದ ಮುದ್ರೆ) ಇರುತ್ತದೆ. ಹೊರಡುವ ಬಂದರಿನಲ್ಲಿ ಸೀಲ್ ಕತ್ತರಿಸಿ, ಬಾಗಿಲ ಹಿಂದೆಯೇ ಕೊಕೇನ್ ಚೀಲಗಳನ್ನಿಟ್ಟು, ಅದೇ ನಂಬರಿನ ನಕಲಿ ಸೀಲ್ ಹಾಕುತ್ತಾರೆ. ಇನ್ನೊಂದು ನಕಲಿ ಸೀಲನ್ನು ಚೀಲದ ಜೊತೆಗೇ ಇಡುತ್ತಾರೆ, ಆ ತುದಿಯಲ್ಲಿ ತೆಗೆದವನು ಮತ್ತೆ ಹಾಕಲೆಂದು. ಹಣ್ಣಿನ ಮಾಲೀಕನಿಗೆ ಏನೂ ತಿಳಿದಿರುವುದಿಲ್ಲ. ಪೆಟ್ಟಿಗೆ ಮಾಲೀಕನ ಲಾರಿ ಹತ್ತುವ ಮೊದಲೇ ಚೀಲ ಕೈಸೇರಬೇಕು. ಹಾಗಾಗಿ ಕ್ರೇನ್ ಚಾಲಕ, ಪೆಟ್ಟಿಗೆ ಎಲ್ಲಿಡಬೇಕೆಂದು ತೀರ್ಮಾನಿಸುವ ಗುಮಾಸ್ತ, ಪೆಟ್ಟಿಗೆ ಬಿಡಿಸಿಕೊಳ್ಳಲು ಬೇಕಾದ ಪಿನ್ ಸಂಖ್ಯೆ ತಿಳಿದವರು, ಇವರಿಗೆ ಮೊದಲು ದುಡ್ಡು, ಒಪ್ಪದಿದ್ದರೆ ಬೆದರಿಕೆ. ಆಂಟ್‌ವರ್ಪ್‌ನಲ್ಲಿ 2023ರಲ್ಲಿ ಸಿಕ್ಕಿದ ಕೊಕೇನ್ ಸುಮಾರು 116 ಟನ್. ಎಲ್ಲ ಪೆಟ್ಟಿಗೆ ತೆರೆದು ನೋಡಿದರೆ ಆಗದೇ? ಬಂದರೇ ನಿಂತುಹೋಗುತ್ತದೆ. ವೇಗವೇ ಅದರ ವ್ಯಾಪಾರ.

ಪಣಂಬೂರಿನ ನಮ್ಮ ನವಮಂಗಳೂರು ಬಂದರನ್ನು ಹೋಲಿಸುವಾಗ ಎಚ್ಚರ. 1974ರಲ್ಲಿ ಪ್ರಮುಖ ಬಂದರು ಎಂದು ಘೋಷಣೆ, 1975ರ ಜನವರಿ 11ರಂದು ಉದ್ಘಾಟನೆ. ನೆಲ ಬಿಟ್ಟವರು ಇಲ್ಲೂ ಇದ್ದಾರೆ. ಕಾಟಿಪಳ್ಳ, ಕೃಷ್ಣಾಪುರದ ಪುನರ್ವಸತಿ ಬಡಾವಣೆಗಳೇ ಸಾಕ್ಷಿ. ಆದರೆ ಎಬ್ಬಿಸಿದ್ದು ಭೂಸ್ವಾಧೀನದ ನೋಟಿಸು, ಬಂದೂಕಲ್ಲ. ಸರಕಿನಲ್ಲೂ ಕಚ್ಚಾತೈಲ, ಎಲ್‌ಪಿಜಿ, ಕಲ್ಲಿದ್ದಲೇ ಹೆಚ್ಚು. ಪೈಪಿನಲ್ಲಿ ಹರಿಯುವ ಎಣ್ಣೆಯೊಳಗೆ ಚೀಲ ಅಡಗಿಸಲಾಗದು. ಮಂಗಳೂರಿನ ಕೋಮು ಗಲಭೆಗಳನ್ನು ಈ ಚೌಕಟ್ಟಿಗೆ ತುರುಕಿದರೆ ಉತ್ತರ ಕೆಡುತ್ತದೆ.

ನಕಾಶೆ ಬಿಡಿಸುವವರು ಬ್ವೆನಾವೆಂತೂರಾದ ಕಾಸ್ಕಾಹಾಲ್ ದ್ವೀಪ, ಅದನ್ನು ನೆಲಕ್ಕೆ ಜೋಡಿಸುವ ಪಿನ್ಯಾಲ್ ಸೇತುವೆ ತೋರಿಸಿ. ಕೊನೆಗೆ ಅಲ್ಲಿನ ಜನರ ಹೋರಾಟವನ್ನೂ ಬರೆಯಿರಿ: 2017ರ ಮೇ 16ರಿಂದ 22 ದಿನ ಜನ ಊರು ಬಂದ್ ಮಾಡಿ ರಸ್ತೆಗಿಳಿದರು, ಬಂದರಿನ ಲಾರಿಗಳು ನಿಂತವು. ಕೇಳಿದ್ದು ಕುಡಿಯುವ ನೀರು, ಆಸ್ಪತ್ರೆ, ಶಾಲೆ. ಜೂನ್ 6ಕ್ಕೆ ಸರ್ಕಾರ ಒಪ್ಪಂದಕ್ಕೆ ಸಹಿ ಹಾಕಿತು.